ಕೋಚ್ ಬೇರೆ ಊರಿಗೆ ಹೋದ, ಮುಚ್ಚಿ ಹಾಕಿದವರು ಇಲ್ಲೇ ಇದ್ದಾರೆ. ಇವರನ್ನು ಕೇಳೋದು ಯಾರು?

ಶಿರಸಿ ದೊಡ್ಡಮ್ಮ (ಪ್ರಶ್ನೆ):

ನಮಸ್ಕಾರ. ನಾನು ಶಿರಸಿ ಕಡೆಯವಳು, ಅಡಿಕೆ ಸೊಸೈಟಿಯೊಂದರಲ್ಲಿ ಗುಮಾಸ್ತೆ. ವಿಷಯ ನನ್ನ ತಂಗಿಯ ಮಗಳದ್ದು. ಹುಡುಗಿಯ ಗುರುತು ಸಿಗಬಾರದು ಅಂತ ಒಂದೆರಡು ವಿವರ ಬೇಕಂತಲೇ ಬದಲಿಸಿದ್ದೇನೆ. ಕಾಲೇಜಿನ ಹೆಸರು ಕೇಳಬೇಡಿ, ಊಹೆ ಮಾಡಿ ಬರೆಯಲೂ ಬೇಡಿ.

ಹುಡುಗಿಗೆ ಹದಿನೇಳು. ಸೆಕೆಂಡ್ ಪಿಯುಸಿ. ವಾಲಿಬಾಲ್ ಆಡುತ್ತಾಳೆ, ಚೆನ್ನಾಗಿಯೇ ಆಡುತ್ತಾಳೆ. ಹೋದ ವರ್ಷ ಜಿಲ್ಲಾ ಮಟ್ಟ ದಾಟಿ ಮುಂದೆ ಹೋಗಿದ್ದಳು. ಅದೇ ಕ್ಯಾಂಪಸ್ಸಿನಲ್ಲಿ ಡಿಗ್ರಿ ಕಾಲೇಜೂ ಇದೆ. ಎರಡಕ್ಕೂ ಒಂದೇ ಆಡಳಿತ ಮಂಡಳಿ, ಒಂದೇ ಮೈದಾನ, ಒಬ್ಬನೇ ಕೋಚ್.

ಸಂಜೆ ಪ್ರಾಕ್ಟೀಸ್ ಮುಗಿದ ಮೇಲೆ ಒಬ್ಬೊಬ್ಬರನ್ನೇ ಸ್ಪೋರ್ಟ್ಸ್ ರೂಮಿಗೆ ಕರೆಯುತ್ತಿದ್ದನಂತೆ. ನೋವಿಗೆ ಸ್ಪ್ರೇ ಹೊಡೆಯೋದು, ಕಾಲು ತಿಕ್ಕೋದು ಅಂತ ನೆಪ. ಆ ರೂಮು ನಾನೂ ನೋಡಿದ್ದೇನೆ. ಒಂದೇ ಕಿಟಕಿ, ಅದಕ್ಕೂ ಹಳೇ ಟೂರ್ನಮೆಂಟಿನ ಪೋಸ್ಟರ್ ಅಂಟಿಸಿದ್ದಾರೆ. ಚಿಲಕ ಒಳಗಿನಿಂದ. ಅಲ್ಲಿ ನಡೆದದ್ದನ್ನು ಇಲ್ಲಿ ಬರೆಯೋದಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಮೆಸೇಜ್ ಬೇರೆ. ಹುಡುಗಿ ಮೊಣಕಾಲು ನೋವು ಅಂತ ಆಟ ಬಿಟ್ಟಳು. ನಾವೂ ಮೊಣಕಾಲಿಗೆ ಎಣ್ಣೆ ಹಚ್ಚಿದ್ದೇ ಹಚ್ಚಿದ್ದು.

ಮೊದಲು ಹೇಳಿದ್ದು ಕಾಲೇಜಿನ ಒಬ್ಬ ಮೇಡಂಗೆ. ಆಕೆ ಪ್ರಿನ್ಸಿಪಾಲರಿಗೆ ಹೇಳಿದರು. ಪ್ರಿನ್ಸಿಪಾಲರು ಕಾರ್ಯದರ್ಶಿಗೆ ಹೇಳಿದರು. ಕಾರ್ಯದರ್ಶಿ ನನ್ನ ತಂಗಿ ಗಂಡನನ್ನು ಕರೆಸಿ ಚಹಾ ಕೊಟ್ಟು, "ನಿಮ್ಮ ಮನೆ ಹೆಣ್ಣುಮಗು, ನಮ್ಮ ಸಂಸ್ಥೆ. ಇಬ್ಬರದ್ದೂ ಮರ್ಯಾದೆ ಪ್ರಶ್ನೆ ಅಲ್ವಾ, ಒಳಗೇ ಬಗೆಹರಿಸೋಣ" ಅಂದರಂತೆ. ಆಮೇಲೆ ಒಂದು ಬಿಳಿ ಹಾಳೆ ಮೇಲೆ "ತಪ್ಪು ತಿಳುವಳಿಕೆಯಿಂದ ಆದ ವಿಷಯ ಬಗೆಹರಿದಿದೆ" ಅಂತ ಬರೆಸಿ ಸಹಿ ಹಾಕಿಸಿಕೊಂಡರು. ಲೆಟರ್‌ಹೆಡ್ ಇಲ್ಲ, ತಾರೀಖಿಲ್ಲ, ಇನ್‌ವರ್ಡ್ ನಂಬರ್ ಇಲ್ಲ. ನಮ್ಮ ಸೊಸೈಟಿಯಲ್ಲಿ ಒಂದು ಚೀಲ ಅಡಿಕೆ ಒಳಗೆ ಬಂದರೂ ಪುಸ್ತಕದಲ್ಲಿ ಏರುತ್ತದೆ, ತೂಕದ ಚೀಟಿ ಆಗುತ್ತದೆ. ಇಲ್ಲಿ ಒಂದು ಹುಡುಗಿ ಅಳುತ್ತಾ ಹೇಳಿದ್ದಕ್ಕೆ ಒಂದು ಸಾಲು ದಾಖಲೆ ಇಲ್ಲ.

ಕೋಚ್‌ಗೆ ಏನಾಯ್ತು ಅಂದ್ರೆ, ಅದೇ ಮಂಡಳಿಯವರ ಇನ್ನೊಂದು ಕಾಲೇಜು ಘಟ್ಟದ ಕೆಳಗಿದೆ, ಅಲ್ಲಿಗೆ ಕಳಿಸಿದರು. ಕಳಿಸೋ ದಿನ ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ಟು ಫೋಟೋ. ಫೋಟೋ ವಾಟ್ಸಾಪ್ ಗ್ರೂಪಿನಲ್ಲಿ ಬಂತು. ತಂಗಿ ಅದನ್ನು ನೋಡಿ ಎರಡು ದಿನ ಊಟ ಬಿಟ್ಟಳು.

ಈಗ ಯಾರನ್ನು ಕೇಳಿದರೂ ಒಂದೇ ಮಾತು. "ನಾನು ಮೇಲಿನವರಿಗೆ ಹೇಳಿದ್ದೆ." ಮೇಡಂ ಹೇಳಿದ್ದು ಪ್ರಿನ್ಸಿಪಾಲರಿಗೆ, ಅವರು ಹೇಳಿದ್ದು ಕಾರ್ಯದರ್ಶಿಗೆ, ಕಾರ್ಯದರ್ಶಿ ಹೇಳಿದ್ದು ಅಧ್ಯಕ್ಷರಿಗೆ. ಅಧ್ಯಕ್ಷರ ಮೇಲೆ ಮಾರಿಕಾಂಬೆ ಮಾತ್ರ ಇರೋದು. ಡಿಗ್ರಿಯಲ್ಲಿರುವ ಇನ್ನೊಬ್ಬ ಹುಡುಗಿಯೂ ತನಗೆ ಎರಡು ವರ್ಷದ ಹಿಂದೆ ಹೀಗೇ ಆಗಿತ್ತು ಅಂತ ನಮ್ಮ ಹುಡುಗಿ ಹತ್ತಿರ ಹೇಳಿದ್ದಾಳೆ. ಅಂದ್ರೆ ಇವರಿಗೆ ಮೊದಲೇ ಗೊತ್ತಿತ್ತಾ?

ಕೋಚ್ ಮೇಲೆ ಕೇಸು ಹಾಕಬಹುದು ಅಂತ ನನಗೂ ಗೊತ್ತು. ನನ್ನ ಪ್ರಶ್ನೆ ಅದಲ್ಲ. ತಿಪ್ಪೆ ಸಾರಿಸಿದವರಿಗೆ ಕಾನೂನಿನಲ್ಲಿ ಏನಾದರೂ ಇದೆಯಾ? ಹುಡುಗಿಯ ಅಪ್ಪ "ಸಹಿ ಹಾಕಿಬಿಟ್ಟೆ, ಇನ್ನು ಮಾತಾಡೋ ಹಾಗಿಲ್ಲ, ಸ್ಪೋರ್ಟ್ಸ್ ಕೋಟಾದ ಸೀಟೂ ಹೋಗುತ್ತದೆ" ಅಂತ ಕೂತಿದ್ದಾರೆ.

---

ಮಾಜಿ ಲಿಫ್ಟರ್, ಅಂಕೋಲಾ:

ಅಕ್ಕಾ, ಓದಿ ಮೈ ಉರಿಯಿತು. ನಾನೂ ಕಾಲೇಜು ವಾಲಿಬಾಲ್ ಟೀಮಿನಲ್ಲಿ ಲಿಫ್ಟರ್, ಅಂದ್ರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು, ಆಗಿದ್ದೆ. ಸ್ಪ್ರೇ ಹೊಡೆಯೋಕೆ ರೂಮಿನ ಬಾಗಿಲು ಹಾಕೋ ಅಗತ್ಯವೇ ಇಲ್ಲ. ನಮ್ಮಲ್ಲಿ ಕೋರ್ಟಿನ ಬದಿಯಲ್ಲೇ ಕೂತು, ಒಬ್ಬರ ಕಾಲಿಗೆ ಇನ್ನೊಬ್ಬರು ಹೊಡೆದುಕೊಳ್ಳುತ್ತಿದ್ದೆವು.

ಒಂದು ಮಾತು. ಟೀಮಿನಿಂದ ಚೆನ್ನಾಗಿ ಆಡುವ ಹುಡುಗಿಯರು ಸುಮ್ಮನೆ ಯಾಕೆ ಬಿಡುತ್ತಾರೆ ಅಂತ ಆ ಕಾಲೇಜಿನಲ್ಲಿ ಯಾರಾದರೂ ಯಾವತ್ತಾದರೂ ಕೇಳಿದ್ದಾರಾ? ಹೋದ ನಾಲ್ಕೈದು ವರ್ಷದ ಟೀಮ್ ಫೋಟೋ ಹುಡುಕಿ. ಒಂದು ವರ್ಷ ಇದ್ದು ಮರುವರ್ಷ ಇಲ್ಲದ ಮುಖ ಯಾವುದು ನೋಡಿ. ಮದುವೆ, ಮೊಣಕಾಲು, ಮನೆ ಕಷ್ಟ ಅಂತ ಎಲ್ಲರಿಗೂ ಒಂದೊಂದು ಕಾರಣ ಇದ್ದೇ ಇರುತ್ತದೆ. ಆದರೂ ನೋಡಿ. ನೀವು ಹೋಗಿ ಯಾರನ್ನೂ ಕೆದಕಬೇಡಿ, ಪೊಲೀಸರಿಗೆ ಆ ಫೋಟೋ ಕೊಟ್ಟರೆ ಸಾಕು.

ಶಾಲು ಹೊದೆಸಿದ್ದು ಮಾತ್ರ ಜೀವಮಾನ ಮರೆಯೋದಿಲ್ಲ ನಾನು.

---

ನಿವೃತ್ತ ಪಿ.ಡಿ., ಕುಮಟಾ:

ತಂಗೀ, ನಾನು ದೈಹಿಕ ಶಿಕ್ಷಣ ನಿರ್ದೇಶಕನಾಗಿ ಮೂರು ಕಾಲೇಜುಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮಣಕಿ ಮೈದಾನದಲ್ಲಿ ಸುಣ್ಣದ ಗೆರೆ ಎಳೆದೇ ಅರ್ಧ ಆಯಸ್ಸು ಹೋಯ್ತು. ಒಳಗಿನ ವ್ಯವಹಾರ ಹೇಗಿರುತ್ತದೆ ಹೇಳುತ್ತೇನೆ.

ಹುಡುಗಿಯರು ಬಾಯಿ ಬಿಡದಿರುವುದಕ್ಕೆ ಮುಖ್ಯ ಕಾರಣ ಸಹಿ. ಅರ್ಹತಾ ಫಾರ್ಮಿಗೆ ಸಹಿ, ಸೆಲೆಕ್ಷನ್ ಪಟ್ಟಿಗೆ ಸಹಿ, ಹಾಜರಿ ಕಡಿಮೆ ಆದಾಗ ಅದನ್ನು ಸರಿಮಾಡಲು ಸಹಿ. ಎಲ್ಲಾ ಒಬ್ಬನ ಕೈಯಲ್ಲಿ. ಅವನು ಒಂದು ಫಾರ್ಮ್ ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡರೆ ಸಾಕು, ಒಂದು ವರ್ಷ ಹೋಯ್ತು. ಬೈಯೋದೂ ಬೇಡ, ಹೆದರಿಸೋದೂ ಬೇಡ.

ಎರಡನೇದು, ಹೊರಗಿನ ಟೂರ್ನಮೆಂಟ್. ಹುಡುಗಿಯರ ತಂಡದ ಜೊತೆ ಮಹಿಳಾ ಮ್ಯಾನೇಜರ್ ಹೋಗಬೇಕು. ಹೆಚ್ಚಿನ ಕಡೆ ಓಓಡಿ ಆದೇಶದಲ್ಲಿ (ಕಾಲೇಜಿನ ಹೊರಗಿನ ಕೆಲಸಕ್ಕೆ ಕಳಿಸುವ ಆದೇಶ) ಒಬ್ಬ ಮೇಡಂ ಹೆಸರು ಬರೆದಿರುತ್ತಾರೆ. ಬಸ್ಸು ಹತ್ತುವಾಗ ಅವರಿಗೆ ಮನೆಯಲ್ಲಿ ಏನೋ ತೊಂದರೆ. ಹೀಗೆ ಎಷ್ಟೋ ಸಲ ಒಬ್ಬ ಗಂಡಸು ಹನ್ನೆರಡು ಹುಡುಗಿಯರನ್ನು ಕರೆದುಕೊಂಡು ರಾತ್ರಿ ಬಸ್ಸಿನಲ್ಲಿ ಹೋಗಿ, ಯಾವುದೋ ಶಾಲೆಯ ಕೋಣೆಯಲ್ಲಿ ಉಳಿಸಿ ಬಂದಿರುತ್ತಾನೆ. ನಿಮ್ಮ ಹುಡುಗಿ ಹೋದ ಟೂರ್ನಮೆಂಟಿನ ಓಓಡಿ ಆದೇಶ, ಪ್ರಯಾಣ ಭತ್ಯೆಯ ಬಿಲ್ಲು ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಹೋಗದ ಮೇಡಂ ಹೆಸರಲ್ಲಿ ಬಿಲ್ಲು ಆಗಿದ್ದರೆ ಅದಕ್ಕೆ ಸಹಿ ಮಾಡಿದ್ದು ಪ್ರಿನ್ಸಿಪಾಲರು. ಅಲ್ಲಿ ಅವರು "ಗೊತ್ತಿರಲಿಲ್ಲ" ಅನ್ನೋ ಹಾಗಿಲ್ಲ. ಅನುದಾನಿತ ಕಾಲೇಜಾದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ತನಿಖಾಧಿಕಾರಿ ಕೇಳಿದರೆ ಅಷ್ಟೂ ಕಾಯಬೇಕಿಲ್ಲ.

ಕೋಟಾ ಬಗ್ಗೆ ಹುಡುಗಿಯ ಅಪ್ಪನಿಗೆ ಹೇಳಿ, ಆಡಿ ಗೆದ್ದ ಸರ್ಟಿಫಿಕೇಟು ಇಲಾಖೆಯದ್ದು, ಕೋಚಿನದ್ದಲ್ಲ. ಅದನ್ನು ಯಾರೂ ವಾಪಸ್ ಕಿತ್ತುಕೊಳ್ಳೋಕೆ ಆಗೋದಿಲ್ಲ. ಮೂಲ ಪ್ರತಿ ಕಾಲೇಜಿನಲ್ಲಿದ್ದರೆ ನಾಳೆಯೇ ಬರೆದುಕೊಟ್ಟು ಕೇಳಿ.

ತಡ ಮಾಡಬೇಡಿ ಅಂತ ಯಾಕೆ ಹೇಳುತ್ತೇನೆ ಅಂದ್ರೆ, ಹರಿಯಾಣದ ಕಥೆ ನೆನಪಿದೆ. 1990ರಲ್ಲಿ 14 ವರ್ಷದ ಟೆನಿಸ್ ಹುಡುಗಿ ದೂರು ಕೊಟ್ಟಳು. ಆರೋಪಿ ದೊಡ್ಡ ಪೊಲೀಸ್ ಅಧಿಕಾರಿ, ರಾಜ್ಯ ಟೆನಿಸ್ ಸಂಸ್ಥೆಯ ಅಧ್ಯಕ್ಷನೂ ಅವನೇ. ಶಾಲೆ ಹುಡುಗಿಯ ಹೆಸರನ್ನೇ ತೆಗೆದುಹಾಕಿತು. 1993ರಲ್ಲಿ ಆಕೆ ಪ್ರಾಣ ಕಳೆದುಕೊಂಡಳು. ಎಫ್‌ಐಆರ್ ಆಗಿದ್ದು 1999ರಲ್ಲಿ, ಶಿಕ್ಷೆಯ ತೀರ್ಪು ಬಂದಿದ್ದು 2009ರಲ್ಲಿ. ಆಗ ಕೊಟ್ಟಿದ್ದು ಆರು ತಿಂಗಳು. ಅವತ್ತು ಪೋಕ್ಸೋ, ಅಂದ್ರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾನೂನು, ಇರಲಿಲ್ಲ. ಈಗ ಇದೆ. ಆದರೆ ಕಾಲೇಜಿನವರ ಲೆಕ್ಕಾಚಾರ ಮಾತ್ರ ಅದೇ, ಇವರು ಸುಸ್ತಾಗಲಿ ಅಂತ ಕಾಯೋದು.

---

ಹೊನ್ನಾವರದವ, ಈಗ ಪಿಟ್ಸ್‌ಬರ್ಗ್:

"ನಾನು ಮೇಲಿನವರಿಗೆ ಹೇಳಿದ್ದೆ" ಅನ್ನೋ ಮಾತು ಓದಿದ ಕೂಡಲೇ ನನಗೆ ಇಲ್ಲಿಯ ಪೆನ್ ಸ್ಟೇಟ್ ನೆನಪಾಯ್ತು. ನಾನಿರುವ ರಾಜ್ಯದ್ದೇ ವಿಶ್ವವಿದ್ಯಾಲಯ. ಸ್ವಲ್ಪ ಉದ್ದ ಆಗುತ್ತದೆ, ಆದರೆ ಅಕ್ಕನ ಪ್ರಶ್ನೆಗೆ ಇದು ನೇರ ಸಂಬಂಧ.

ಅಲ್ಲಿ ಫುಟ್‌ಬಾಲ್ ಅಂದ್ರೆ ನಮ್ಮಲ್ಲಿಯ ಜಾತ್ರೆ, ತೇರು ಎಲ್ಲಾ ಸೇರಿದ್ದು. ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುವ ಸ್ಟೇಡಿಯಂ. ಜೋ ಪಟೆರ್ನೋ ಅಂತ ಮುಖ್ಯ ಕೋಚ್, ಬದುಕಿರುವಾಗಲೇ ಪ್ರತಿಮೆ ಮಾಡಿಸಿಕೊಂಡ ಮನುಷ್ಯ. ಅವರ ಕೈಕೆಳಗೆ ಜೆರ್ರಿ ಸ್ಯಾಂಡಸ್ಕಿ ಅನ್ನುವ ಸಹಾಯಕ ಕೋಚ್. ಬಡ ಮಕ್ಕಳಿಗೆ ಅಂತ ಒಂದು ಸಂಸ್ಥೆ ನಡೆಸುತ್ತಿದ್ದ, ಅಲ್ಲಿಂದಲೇ ಹುಡುಗರನ್ನು ಹತ್ತಿರ ಮಾಡಿಕೊಳ್ಳುತ್ತಿದ್ದ. 1998ರಲ್ಲೇ ಒಬ್ಬ ತಾಯಿ ದೂರು ಕೊಟ್ಟಿದ್ದಳು. ವಿಚಾರಣೆ ನಡೆದು, ಕೇಸು ಹಾಕದೆ ಕಡತ ಮುಚ್ಚಿದರು. 1999ರಲ್ಲಿ ಅವನು ನಿವೃತ್ತನಾದ, ಆದರೆ ಕ್ಯಾಂಪಸ್ಸಿನಲ್ಲಿ ಓಡಾಡುವ ಸವಲತ್ತು ಮಾತ್ರ ಹಾಗೇ ಉಳಿಯಿತು.

2001ರಲ್ಲಿ ಒಬ್ಬ ಕಿರಿಯ ಸಹಾಯಕ ಅವನನ್ನು ಸ್ನಾನದ ಕೋಣೆಯಲ್ಲಿ ಒಬ್ಬ ಬಾಲಕನ ಜೊತೆ ಕಣ್ಣಾರೆ ನೋಡಿದ. ಮರುದಿನ ಪಟೆರ್ನೋಗೆ ಹೇಳಿದ. ಪಟೆರ್ನೋ ಕ್ರೀಡಾ ನಿರ್ದೇಶಕ ಟಿಮ್ ಕರ್ಲಿಗೆ ಹೇಳಿದರು. ಅಲ್ಲಿಂದ ಉಪಾಧ್ಯಕ್ಷ ಗ್ಯಾರಿ ಶುಲ್ಟ್ಜ್, ಅಲ್ಲಿಂದ ಅಧ್ಯಕ್ಷ ಗ್ರಹಾಂ ಸ್ಪ್ಯಾನಿಯರ್. ಕೊನೆಗೆ ಏನು ಮಾಡಿದರು? ಇನ್ನು ಮಕ್ಕಳನ್ನು ಇಲ್ಲಿಗೆ ಕರೆದುಕೊಂಡು ಬರಬೇಡ ಅಂದರು, ಅವನದೇ ಸಂಸ್ಥೆಗೆ ಒಂದು ಮಾತು ತಿಳಿಸಿದರು. ಪೊಲೀಸರಿಗೆ ಹೇಳಲಿಲ್ಲ. ಮಕ್ಕಳ ಇಲಾಖೆಗೂ ಹೇಳಲಿಲ್ಲ. ನಿಮ್ಮಲ್ಲಿ ಘಟ್ಟದ ಕೆಳಗೆ ಕಳಿಸಿದರಲ್ಲ, ಹಾಗೇ.

ಅವನ ಬಂಧನ ಆಗಿದ್ದು 2011ರ ನವೆಂಬರಿನಲ್ಲಿ. ನಡುವಿನ ಹತ್ತು ವರ್ಷ ಲೆಕ್ಕ ಹಾಕಿ. ಪಟೆರ್ನೋ ಅವರನ್ನು ತೆಗೆದಾಗ ಹುಡುಗರು ಬೀದಿಗಿಳಿದು ಟಿವಿಯವರ ವ್ಯಾನ್ ಉರುಳಿಸಿದರು. ಮಕ್ಕಳಿಗಾಗಿ ಅಲ್ಲ, ಕೋಚ್‌ಗಾಗಿ! ಮುಂದಿನ ವರ್ಷ ಸ್ಯಾಂಡಸ್ಕಿ ಮೇಲೆ 45 ಆರೋಪ ಸಾಬೀತಾಗಿ 30ರಿಂದ 60 ವರ್ಷ ಶಿಕ್ಷೆ ಆಯ್ತು.

ಮುಚ್ಚಿ ಹಾಕಿದವರ ವಿಷಯಕ್ಕೆ ಬರೋಣ. ಕಾಲೇಜು ಕ್ರೀಡಾ ಮಂಡಳಿ ಎನ್‌ಸಿಎಎ 2012ರಲ್ಲಿ 6 ಕೋಟಿ ಡಾಲರ್ ದಂಡ ಹಾಕಿತು, 1998ರಿಂದ ಗೆದ್ದ ಪಂದ್ಯಗಳನ್ನೆಲ್ಲಾ ದಾಖಲೆಯಿಂದ ಅಳಿಸಿತು. ಪೇಪರಿನಲ್ಲಿ ಭಾರೀ ಸುದ್ದಿ. 2015ರ ಜನವರಿಗೆ ಆ ಗೆಲುವುಗಳೆಲ್ಲಾ ವಾಪಸ್ ಬಂದವು. ನಿಜವಾಗಿ ತಟ್ಟಿದ್ದು ಕೋರ್ಟು. ಕರ್ಲಿ, ಶುಲ್ಟ್ಜ್ ಇಬ್ಬರೂ 2017ರಲ್ಲಿ ಮಕ್ಕಳನ್ನು ಅಪಾಯಕ್ಕೆ ಒಡ್ಡಿದ ತಪ್ಪು ಒಪ್ಪಿಕೊಂಡು ಜೈಲಿಗೆ ಹೋದರು. ಅಧ್ಯಕ್ಷರಾಗಿದ್ದ ಸ್ಪ್ಯಾನಿಯರ್ ಮೇಲ್ಮನವಿ ಮೇಲೆ ಮೇಲ್ಮನವಿ ಹಾಕಿ, 2021ರಲ್ಲಿ ಎರಡು ತಿಂಗಳಿಗಾದರೂ ಒಳಗೆ ಹೋಗಬೇಕಾಯ್ತು. ಶಿಕ್ಷೆ ಚಿಕ್ಕದು, ಒಪ್ಪುತ್ತೇನೆ. ಆದರೆ ಒಂದು ದೊಡ್ಡ ವಿಶ್ವವಿದ್ಯಾಲಯದ ಅಧ್ಯಕ್ಷ ಜೈಲಿನ ಬಟ್ಟೆ ಹಾಕಿದ.

ಇನ್ನೊಂದು ಮುಖ್ಯ ವಿಷಯ. ಆಗ ಇಲ್ಲಿಯ ಕಾನೂನೇ ಹಾಗಿತ್ತು, ನೌಕರ ತನ್ನ ಸಂಸ್ಥೆಯ ಮುಖ್ಯಸ್ಥರಿಗೆ ಹೇಳಿದರೆ ಅವನ ಕೆಲಸ ಮುಗೀತು. ಈ ಪ್ರಕರಣದ ನಂತರ 2014ರಲ್ಲಿ ಅದನ್ನು ತಿದ್ದಿದರು. ಈಗ ಗೊತ್ತಾದವರೇ ನೇರವಾಗಿ ವರದಿ ಮಾಡಬೇಕು, ಮುಖ್ಯಸ್ಥರಿಗೆ ಹೇಳೋದು ಆಮೇಲೆ. ನಮ್ಮ ಕಾನೂನು ಏನು ಹೇಳುತ್ತದೆ ಅಂತ ವಕೀಲರು ಯಾರಾದರೂ ಇದ್ದರೆ ಹೇಳಿ.

---

ಅತಿಥಿ ಉಪನ್ಯಾಸಕ:

ನಾನು ಕೋಚ್ ಪರ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಮೇಡಂ ಬಗ್ಗೆ ಯೋಚನೆ ಮಾಡಿ. ಬಹುಶಃ ನನ್ನ ಹಾಗೇ ವರ್ಷಕ್ಕೊಮ್ಮೆ ಆರ್ಡರ್ ಬರುವ ಕೆಲಸ. ಸಂಬಳ ಮೂರು ತಿಂಗಳಿಗೊಮ್ಮೆ. ಹುಡುಗಿ ಹೇಳಿದ್ದನ್ನು ನಂಬಿದರು, ಪ್ರಿನ್ಸಿಪಾಲರ ಬಾಗಿಲಿನವರೆಗೆ ಹೋಗಿ ಹೇಳಿದರು. ಅಷ್ಟು ಮಾಡಿದವರು ಅಲ್ಲಿ ಅವರೊಬ್ಬರೇ. ನಾಳೆ ಕೇಸು ಆದರೆ ಮಂಡಳಿಯವರು ದೊಡ್ಡ ವಕೀಲರನ್ನು ಇಟ್ಟುಕೊಂಡು ಬಚಾವ್, ಸಿಕ್ಕಿಬೀಳೋದು ಈ ಮೇಡಂ. ಕೆಳಗಿನವರಿಗೆ ಮೇಲಿನವರನ್ನು ದಾಟಿ ಹೋಗು ಅನ್ನೋದು ಸುಲಭ. ಅನ್ನ ಹೋಗುತ್ತದೆ ಮಾರಾಯ್ರೆ.

---

ಶಿರಸಿ ದೊಡ್ಡಮ್ಮ:

ಸರ್, ನೀವು ಹೇಳಿದ್ದು ಸರಿಯೇ ಇದೆ. ಆ ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಹುಡುಗಿ ಇವತ್ತಿಗೂ ಅವರ ಹೆಸರು ಹೇಳಿದರೆ ಮೆತ್ತಗಾಗುತ್ತಾಳೆ. ಸಿಟ್ಟು ಇರೋದು ಶಾಲು ತಂದವರ ಮೇಲೆ.

ಪಿ.ಡಿ. ಸರ್, ಓಓಡಿ ವಿಷಯ ನೀವು ಹೇಳಿದ ಹಾಗೇ ಇದೆ. ಹೊರಗೆ ಹೋದಾಗ ಯಾವ ಮೇಡಂ ಬಂದಿದ್ದರು ಅಂತ ಕೇಳಿದೆ. "ಯಾರೂ ಬಂದಿರಲಿಲ್ಲ ದೊಡ್ಡಮ್ಮ, ಸರ್ ಒಬ್ಬರೇ" ಅಂದಳು. ನಾವು ಯಾರೂ ಮೊದಲು ಈ ಪ್ರಶ್ನೆ ಕೇಳಿರಲಿಲ್ಲ.

ಸರ್ಟಿಫಿಕೇಟು ಮನೆಯಲ್ಲೇ ಇದೆ. ಅದನ್ನು ಕೇಳಿ ಹುಡುಗಿಯ ಅಪ್ಪನಿಗೆ ಅರ್ಧ ಜೀವ ಬಂತು. ಸಹಿಯ ಭಯ ಮಾತ್ರ ಹೋಗಿಲ್ಲ. ವಕೀಲರು ಯಾರಾದರೂ ಹೇಳಿ.

---

ಕಾರವಾರ ವಕೀಲೆ:

ಅಕ್ಕಾ, ತಡವಾಗಿ ನೋಡಿದೆ. ಕೋರ್ಟು ಮುಗಿಸಿ ಬಂದು ಬರೆಯುತ್ತಿದ್ದೇನೆ. ಎಲ್ಲರ ಪ್ರಶ್ನೆಗೂ ಒಟ್ಟಿಗೆ ಉತ್ತರ.

ಮೊದಲು ಆ ಸಹಿ. ಅದಕ್ಕೆ ಬೆಲೆ ಇಲ್ಲ. ಅಪ್ಪ ರಾಜಿ ಮಾಡಿಕೊಂಡ ಅಂತ ಪೋಕ್ಸೋ ಅಪರಾಧ ಮುಗಿಯೋದಿಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜಸ್ಥಾನದ ಒಂದು ಪ್ರಕರಣದಲ್ಲಿ ಇದನ್ನೇ ಹೇಳಿದೆ. ಅಲ್ಲಿಯೂ ಶಿಕ್ಷಕ, ಅಲ್ಲಿಯೂ ಹುಡುಗಿಯ ಅಪ್ಪನ ರಾಜಿ ಪತ್ರ. ಹೈಕೋರ್ಟು ಕೇಸು ರದ್ದು ಮಾಡಿತ್ತು, ಸುಪ್ರೀಂ ಕೋರ್ಟು ಅದನ್ನು ಮತ್ತೆ ಜೀವಂತ ಮಾಡಿತು. ನಿಮ್ಮ ಬಿಳಿ ಹಾಳೆ ಈಗ ನಿಮಗೇ ಸಾಕ್ಷಿ. ಕಾಲೇಜಿಗೆ ವಿಷಯ ಗೊತ್ತಿತ್ತು ಅನ್ನೋದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಎಲ್ಲಿ ಸಿಗುತ್ತದೆ? ತಾವೇ ಬರೆಸಿಕೊಂಡಿದ್ದಾರೆ.

ಮುಚ್ಚಿ ಹಾಕಿದವರಿಗೆ ಏನು ಅಂದ್ರೆ, ಪೋಕ್ಸೋ 19ನೇ ಕಲಂ ಪ್ರಕಾರ ಇಂಥ ಅಪರಾಧ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ಪೊಲೀಸರಿಗೆ. ನಡುವೆ ಪ್ರಿನ್ಸಿಪಾಲ್, ಕಾರ್ಯದರ್ಶಿ, ಅಧ್ಯಕ್ಷ ಅನ್ನುವ ಮೆಟ್ಟಿಲೇ ಇಲ್ಲ. ಅಮೆರಿಕದವರು 2014ರಲ್ಲಿ ತಿದ್ದಿಕೊಂಡದ್ದು ನಮ್ಮಲ್ಲಿ 2012ರಿಂದಲೇ ಇದೆ. ತಿಳಿಸದಿದ್ದರೆ 21ನೇ ಕಲಂ: ಸಾಮಾನ್ಯರಿಗೆ ಆರು ತಿಂಗಳವರೆಗೆ ಜೈಲು ಅಥವಾ ದಂಡ. ಆದರೆ ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವನ ಅಪರಾಧವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಮೇಲೆ ಹೋದ ಹಾಗೆ ಶಿಕ್ಷೆ ಜಾಸ್ತಿ. ಇದನ್ನು ಪ್ರಿನ್ಸಿಪಾಲರಿಗೆ ಯಾರೂ ಓದಿ ಹೇಳಿಲ್ಲ ಅಂತ ಕಾಣುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಒಂದು ಹಾಸ್ಟೆಲಿನಲ್ಲಿ ಬುಡಕಟ್ಟು ಹುಡುಗಿಯರ ಮೇಲೆ ದೌರ್ಜನ್ಯ ಆಗಿತ್ತು. ಅವರಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯ ಗೊತ್ತಿದ್ದೂ ತಿಳಿಸಲಿಲ್ಲ ಅಂತ ಅವನ ಮೇಲೆ ಕೇಸು. ಹೈಕೋರ್ಟು ಅದನ್ನು ಕೈಬಿಟ್ಟಿತ್ತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ, ಅಪರಾಧಿಯನ್ನು ಕಾಪಾಡುವ ಪ್ರಯತ್ನ ಅಂತ ಹೇಳಿ ಕೇಸು ನಡೆಯಲಿ ಎಂದಿತು.

ಉಪನ್ಯಾಸಕರೇ, ಮೇಡಂ ವಿಷಯದಲ್ಲಿ ಸುಳ್ಳು ಸಮಾಧಾನ ಹೇಳೋದಿಲ್ಲ. ಕಾನೂನಿನಲ್ಲಿ ಅವರಿಗೆ ವಿನಾಯಿತಿ ಇಲ್ಲ. ಆದರೆ ಅವರು ಈಗಲೇ ಬಂದು ಹೇಳಿಕೆ ಕೊಟ್ಟರೆ ಈ ಕೇಸಿನ ದೊಡ್ಡ ಸಾಕ್ಷಿ ಅವರೇ. ಪ್ರಿನ್ಸಿಪಾಲರಿಗೆ ಯಾವ ದಿನ ಹೇಳಿದೆ, ಅವರು ಏನಂದರು ಅಂತ ಹೇಳಬಲ್ಲವರು ಇನ್ಯಾರಿದ್ದಾರೆ? ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕೋ ಹಾಗಿಲ್ಲ ಅಂತಲೂ ಅದೇ 19ನೇ ಕಲಮಿನಲ್ಲಿದೆ. ಕೆಲಸ ಉಳಿಯುತ್ತದೆ ಅಂತ ನಾನು ಭರವಸೆ ಕೊಡಲಾರೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ವಕೀಲರು ಉಚಿತವಾಗಿ ಸಿಗುತ್ತಾರೆ, ಬಂದು ಮಾತಾಡಲಿ.

ಮತ್ತೆ ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ. ಈಗ ನಿಮಗೂ ಗೊತ್ತು. ನಿಮ್ಮ ತಂಗಿಗೂ, ಅವರ ಗಂಡನಿಗೂ ಗೊತ್ತು. 19ನೇ ಕಲಂ ನಿಮ್ಮನ್ನೂ ಬಿಡೋದಿಲ್ಲ. ಪ್ರಿನ್ಸಿಪಾಲರು ಏನು ಮಾಡಬೇಕಿತ್ತು ಅಂತ ಕೇಳುವ ಮೊದಲು ನೀವು ಠಾಣೆಗೆ ಹೋಗಿ.

ಡಿಗ್ರಿಯ ಹುಡುಗಿಗೆ ಈಗ ಹದಿನೆಂಟು ದಾಟಿರಬಹುದು. ಆದರೆ ಘಟನೆ ನಡೆದಾಗ ಆಕೆ ಅಪ್ರಾಪ್ತೆ ಆಗಿದ್ದರೆ ಪೋಕ್ಸೋ ಅನ್ವಯ ಆಗುತ್ತದೆ. ಹದಿನೆಂಟು ದಾಟಿದ ಮೇಲೆ ನಡೆದದ್ದಾದರೆ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಕಾಲೇಜಿನ ಆಂತರಿಕ ದೂರು ಸಮಿತಿಗೂ ದೂರು ಕೊಡಬಹುದು, ಪೊಲೀಸರಿಗೂ ಕೊಡಬಹುದು. ಸಮಿತಿಗೆ ಮಾತ್ರ ಮೂರು ತಿಂಗಳ ಗಡುವು ಇದೆ, ಕಾರಣ ಕೊಟ್ಟರೆ ಇನ್ನೂ ಮೂರು ತಿಂಗಳು. ಆಕೆಗೆ ಅದು ದಾಟಿಹೋಗಿರುತ್ತದೆ. ಅಲ್ಲಿ ಸಮಿತಿ ಇದೆಯಾ, ಅದರಲ್ಲಿ ಯಾರಿದ್ದಾರೆ ಅಂತ ನೋಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮದ ಪ್ರಕಾರ ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರಂಥ ದೊಡ್ಡ ಹುದ್ದೆಯವರು ಅದರಲ್ಲಿ ಇರಬಾರದು. ಎಷ್ಟೋ ಕಡೆ ಗೋಡೆಯ ಬೋರ್ಡಿನಲ್ಲಿ ಹೆಸರು ಇರುತ್ತದೆ, ಹೆಸರಿದ್ದವರಿಗೇ ಗೊತ್ತಿರೋದಿಲ್ಲ. ಕ್ರೀಡೆಯ ಕಡೆಯಂತೂ ಕೇಳಲೇಬೇಡಿ. 2023ರ ಮೇ ತಿಂಗಳಲ್ಲಿ ಗೋವಾ ವಿಶ್ವವಿದ್ಯಾಲಯದ ಒಂದು ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಪತ್ರಿಕಾ ವರದಿಯೊಂದನ್ನು ಎತ್ತಿ ಹೇಳಿತು. ದೇಶದ 30 ರಾಷ್ಟ್ರೀಯ ಕ್ರೀಡಾ ಒಕ್ಕೂಟಗಳಲ್ಲಿ 16ರಲ್ಲಿ ಈ ಸಮಿತಿಯೇ ಇಲ್ಲ ಅಂತ. ಅದೇ ತೀರ್ಪಿನಲ್ಲಿ ಇನ್ನೊಂದು ಪಾಠವೂ ಇದೆ. ಅಲ್ಲಿ ಸಮಿತಿ ಗಡಿಬಿಡಿಯಲ್ಲಿ ವಿಚಾರಣೆ ಮುಗಿಸಿತ್ತು, ಆರೋಪಿಗೆ ಸರಿಯಾಗಿ ಅವಕಾಶ ಕೊಡಲಿಲ್ಲ ಅಂತ ವಜಾ ಆದೇಶವೇ ಬಿದ್ದುಹೋಯ್ತು. ಸಿಟ್ಟಿನಲ್ಲಿ ಮಾಡಿದ ವಿಚಾರಣೆ ಆರೋಪಿಗೇ ಅನುಕೂಲ. ಅದಕ್ಕೇ ನಿಮ್ಮ ಹತ್ತಿರ ಪ್ರತಿಯೊಂದಕ್ಕೂ ತಾರೀಖು ಇರಲಿ ಅನ್ನೋದು.

ಠಾಣೆಗೆ ಹೋದಾಗ ಹುಡುಗಿಯನ್ನು ಗಂಟೆಗಟ್ಟಲೆ ಬೆಂಚಿನ ಮೇಲೆ ಕೂರಿಸಬೇಕಿಲ್ಲ. ಆಕೆಯ ಹೇಳಿಕೆಯನ್ನು ಮನೆಯಲ್ಲಿ ಅಥವಾ ಆಕೆ ಹೇಳಿದ ಜಾಗದಲ್ಲಿ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ, ಸಮವಸ್ತ್ರ ಇಲ್ಲದೆ ಬಂದು ಪಡೆಯಬೇಕು. ಅಮ್ಮನೋ ನೀವೋ ಪಕ್ಕದಲ್ಲಿರಬಹುದು. ಹೊರ ಊರಿನಲ್ಲಿ ನಡೆದದ್ದಿದ್ದರೂ ಶಿರಸಿಯಲ್ಲೇ ಎಫ್‌ಐಆರ್ ಹಾಕಬಹುದು. ಅಲ್ಲಿ ತಗೊಳ್ಳದಿದ್ದರೆ ಕಾರವಾರದಲ್ಲಿ ಎಸ್‌ಪಿಗೆ ಬರೆದು ಕಳಿಸಿ, ನನಗೂ ಹೇಳಿ. ಮಕ್ಕಳ ಸಹಾಯವಾಣಿ 1098, ರಾತ್ರಿಯೂ ನಡೆಯುತ್ತದೆ.

ಕೊನೆಯದಾಗಿ, ಹುಡುಗಿಯ ಹೆಸರು, ಊರು, ಕಾಲೇಜು, ಫೋಟೋ ಯಾವುದನ್ನೂ ಇಲ್ಲಿ ಯಾರೂ ಹಾಕಬೇಡಿ. ಅಂಕೋಲಾ ತಂಗಿ, ಟೀಮ್ ಫೋಟೋ ಒಳ್ಳೆಯ ಸಲಹೆ, ಆದರೆ ಗ್ರೂಪಿನಲ್ಲಿ ತಿರುಗಿಸೋದು ಬೇಡ. ಸಂತ್ರಸ್ತ ಮಗುವಿನ ಗುರುತು ಬಯಲು ಮಾಡಿದರೆ ಅದೇ ಬೇರೆ ಅಪರಾಧ.

---

ಅತಿಥಿ ಉಪನ್ಯಾಸಕ:

ಒಪ್ಪಿದೆ ಮೇಡಂ. ಕಾನೂನು ಸೇವಾ ಸಮಿತಿಯ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ಒಂದು ಮಾತು. ತಿಳಿಸಿದ ನೌಕರನ ಕೆಲಸಕ್ಕೆ ರಕ್ಷಣೆ ಇಲ್ಲದೆ "ತಿಳಿಸಲೇಬೇಕು" ಅನ್ನೋದು ಅರ್ಧ ಕಾನೂನು ಅಂತಲೇ ನನ್ನ ಅಭಿಪ್ರಾಯ.

---

ಕಾರವಾರ ವಕೀಲೆ:

ಅದರಲ್ಲಿ ನಿಮ್ಮ ಜೊತೆ ನನ್ನ ಜಗಳ ಇಲ್ಲ.

---

ಶಿರಸಿ ದೊಡ್ಡಮ್ಮ:

ಎಲ್ಲವನ್ನೂ ತಂಗಿಗೂ ಅವಳ ಗಂಡನಿಗೂ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಂದು ವರ್ಷ ಅಂದ್ರೆ ಪ್ರಿನ್ಸಿಪಾಲರಿಗೂನಾ?" ಅಂತ ಎರಡು ಸಲ ಕೇಳಿದರು. ಹೌದು ಅಂದೆ. ನಾಳೆ ಬೆಳಿಗ್ಗೆ ಮೂವರೂ ಹೋಗುತ್ತೇವೆ. ಹುಡುಗಿ ಮನೆಯಲ್ಲೇ ಇರುತ್ತಾಳೆ, ಅಧಿಕಾರಿ ಮನೆಗೇ ಬರಲಿ ಅಂತ ಕೇಳುತ್ತೇವೆ. ಹಾಗೆ ಮಾಡಬಹುದು ಅಂತ ಗೊತ್ತಾದ ಮೇಲೆ ಅವಳೇ "ಸರಿ" ಅಂದಿದ್ದು.

ಆ ಮೇಡಂಗೂ ಫೋನ್ ಮಾಡಿದ್ದೆ. ಯೋಚನೆ ಮಾಡಿ ಹೇಳುತ್ತೇನೆ ಅಂದರು. ಒತ್ತಾಯ ಮಾಡಲಿಲ್ಲ.

ಒಂದು ಅನುಮಾನ. ಬಿಳಿ ಹಾಳೆಯ ಮೂಲ ಕಾಲೇಜಿನಲ್ಲೇ ಇದೆ. ಹುಡುಗಿಯ ಅಪ್ಪ ಸಹಿ ಹಾಕುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿದ್ದರಂತೆ. ಅದು ಸಾಕಾಗುತ್ತದಾ? ರಾತ್ರಿಯ ಮೆಸೇಜುಗಳು ಹುಡುಗಿಯ ಫೋನಿನಲ್ಲಿವೆ, ಸ್ಕ್ರೀನ್ ಒಡೆದಿದೆ ಅಂತ ರಿಪೇರಿಗೆ ಕೊಡಬೇಕು ಅಂತಿದ್ದೆವು.

---

ಕಾರವಾರ ವಕೀಲೆ:

ಫೋಟೋ ಸಾಕು, ಮೂಲ ಹಾಳೆಯನ್ನು ಕಾಲೇಜಿನಿಂದ ತರಿಸೋದು ಪೊಲೀಸರ ಕೆಲಸ. ಫೋನ್ ರಿಪೇರಿಗೆ ಕೊಡಬೇಡಿ! ಏನೂ ಅಳಿಸಬೇಡಿ, ಫಾರ್ಮ್ಯಾಟ್ ಮಾಡಬೇಡಿ, ಒಡೆದ ಸ್ಕ್ರೀನ್ ಒಡೆದ ಹಾಗೇ ಇರಲಿ. ಎರಡೂ ಫೋನನ್ನು ಚಾರ್ಜರ್ ಸಮೇತ ತಗೊಂಡು ಹೋಗಿ. ಪೊಲೀಸರು ಇಟ್ಟುಕೊಂಡರೆ ಪಂಚನಾಮೆಯ ಪ್ರತಿ ಕೇಳಿ. ದೂರಿನಲ್ಲಿ ಕೋಚ್ ಹೆಸರಿನ ಕೆಳಗೆ, ವಿಷಯ ಯಾವ ದಿನ ಯಾರ್ಯಾರಿಗೆ ತಿಳಿಯಿತು ಅಂತ ಹುದ್ದೆ ಸಮೇತ ಬರೆಯಿರಿ. 21ನೇ ಕಲಂ ಹಾಕಿದ್ದಾರಾ ಅಂತ ಎಫ್‌ಐಆರ್ ಪ್ರತಿಯಲ್ಲಿ ಅಲ್ಲೇ ನಿಂತು ನೋಡಿ. ಪ್ರತಿ ಉಚಿತ, ಕೊಡಲೇಬೇಕು.